ಹಾರದ ಫ್ಯೂಸು

ದುನ್ಯಾ ಆ ಸಾಮಾನನ್ನು ಮನೆಗೆ ತಂದ ಶನಿವಾರ ಬಿಲ್ಯಾನಾ ಬಾಲ್ಕನಿಯಲ್ಲಿ ಕೂತು ದಪ್ಪ ಕೆಂಪು ಮೆಣಸಿನಕಾಯಿ ಸುಡುತ್ತಿದ್ದಳು. ಸೆಪ್ಟೆಂಬರ್ ಬಂತೆಂದರೆ ಪಂಚೆವೊ ಊರಿನ ಹೆಂಗಸರಿಗೆಲ್ಲ ಅದೇ ಕೆಲಸ. ಸುಟ್ಟು, ಸಿಪ್ಪೆ ಸುಲಿದು, ಅರೆದು, ಗಂಟೆಗಟ್ಟಲೆ ಕೈಯಾಡಿಸಿ ಚಳಿಗಾಲಕ್ಕೆ ಐವಾರ್ ಚಟ್ನಿ ಮಾಡಿ ಬಾಟಲಿ ತುಂಬಿಡಬೇಕು. ಕೈಯೆಲ್ಲ ಮಸಿ, ಕಣ್ಣೆಲ್ಲ ಉರಿ. ಒಳಗೆ ಬಂದು ನೋಡಿದರೆ ಅತ್ತೆಯ ಕಾಲದ ಪಾತ್ರೆ ಬೀರುವಿನ ಮೇಲೆ, ಬಾಟಲಿಗಳಿಗೆಂದು ಅವಳು ಒರೆಸಿಟ್ಟ ಜಾಗದಲ್ಲೇ ಮಗಳು ಯಾವುದೋ ಯಂತ್ರವನ್ನು ಹರವಿಕೊಂಡು ನಿಂತಿದ್ದಳು.

"ಇದೇನೇ ಇದು?"

"ಡಾಕ್, ಅಮ್ಮ."

"ಇದರ ಮುಚ್ಚಳ ಎಲ್ಲಿ ಹೋಯ್ತು?"

"ಮುಚ್ಚಳ ಇಲ್ಲ. ಇದು ಇರೋದೇ ಹೀಗೆ."

ಒಂದು ಕಬ್ಬಿಣದ ಸ್ಟ್ಯಾಂಡು. ಅದರ ಮೇಲೆ ಇಟ್ಟಿಗೆಯಷ್ಟು ದಪ್ಪದ, ಮೂರು ಫ್ಯಾನಿನ ಗ್ರಾಫಿಕ್ಸ್ ಕಾರ್ಡು. ಪಕ್ಕದಲ್ಲಿ ಅದಕ್ಕೇ ಪ್ರತ್ಯೇಕವಾಗಿ ಕರೆಂಟು ಕೊಡುವ ಒಂದು ಡಬ್ಬ. ಅಲ್ಲಿಂದ ಒಂದು ಕೇಬಲ್ಲು ದುನ್ಯಾಳ ಪುಟ್ಟ ಕಂಪ್ಯೂಟರಿಗೆ ಹೋಗಿತ್ತು. ಆ ಕಂಪ್ಯೂಟರೋ ಬೆಣ್ಣೆ ಡಬ್ಬಿಯಷ್ಟೇ ಇತ್ತು.

ಮಾವ ವಿತೊಮಿರ್ ಕನ್ನಡಕ ಏರಿಸಿಕೊಂಡು ಕೋಣೆಯಿಂದ ಬಂದರು. ವಯಸ್ಸು ಎಪ್ಪತ್ತೊಂಬತ್ತು. ನಲವತ್ತು ವರ್ಷ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ತಂತಿ ಕಂಡರೆ ಸುಮ್ಮನಿರುವ ಜಾತಿಯಲ್ಲ.

"ಕರುಳೆಲ್ಲ ಹೊರಗೇ ಬಿಟ್ಟಿದಾರಲ್ಲ!"

"ಈ ಕಂಪ್ಯೂಟರಿನ ಹೊಟ್ಟೆ ಚಿಕ್ಕದು ತಾತ, ಕಾರ್ಡು ಒಳಗೆ ಹಿಡಿಸಲ್ಲ. ಅದಕ್ಕೆ ಹೊರಗೆ ಕೂರಿಸಿ ಸೇರಿಸೋದು. ದೊಡ್ಡ ಕಂಪ್ಯೂಟರಿನ ಕೆಲಸ ಮಾಡುತ್ತೆ. ಒಂದೇ ನಿಯಮ, ಮೊದಲು ಇದರ ಪವರ್ರು, ಆಮೇಲೆ ಕಂಪ್ಯೂಟರ್ರು. ಓಡ್ತಾ ಇರುವಾಗ ಕೇಬಲ್ ಕೀಳಬಾರದು."

"ಅಷ್ಟೇನಾ? ಕಾರ್ಖಾನೆಯ ಕ್ರೇನು ಇದಕ್ಕಿಂತ ಹಟಮಾರಿ ಆಗಿತ್ತು ಬಿಡು."

ಹುಡುಗಿ ಕಲಿತದ್ದು ಒಳಾಂಗಣ ವಿನ್ಯಾಸ. ಎರಡು ವರ್ಷ ಬ್ರೆಡ್ಡಿನ ಅಂಗಡಿಯಲ್ಲಿ ನಿಂತು ಕಾಲು ಊದಿಸಿಕೊಂಡ ಮೇಲೆ ಈಗ ನೊವಿ ಸಾದ್‌ನ ಒಬ್ಬ ಪೀಠೋಪಕರಣದವನು ಕೆಲಸ ಕೊಟ್ಟಿದ್ದ. ಇನ್ನೂ ಕಟ್ಟಿಲ್ಲದ ಅಡುಗೆಮನೆಗಳನ್ನು ಫೋಟೋ ತೆಗೆದ ಹಾಗೆ ಚಿತ್ರ ಮಾಡಿ ಕೊಡಬೇಕು. ನವೆಂಬರ್ ಹತ್ತರೊಳಗೆ ನಲವತ್ತು ಚಿತ್ರ. ಒಪ್ಪಿಗೆಯಾದರೆ ಕೆಲಸ ಕಾಯಂ, ಇಲ್ಲದಿದ್ದರೆ ಮತ್ತೆ ಬ್ರೆಡ್ಡಿನ ಅಂಗಡಿ.

ಸಂಜೆ ಬಸ್ಸಿನ ಡ್ಯೂಟಿ ಮುಗಿಸಿ ಬಂದ ಗಂಡ ಝಾರ್ಕೊ ಊಟಕ್ಕೆ ಕೂರಲು ಹೋದರೆ ಮೇಜಿನ ಮೇಲೆ ಅರ್ಧ ಮಾನಿಟರ್ರು. ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನಕ್ಕ.

"ಇಲ್ಲದ ಅಡುಗೆಮನೆ ಮಾಡೋದಕ್ಕೆ ಇರೋ ಅಡುಗೆಮನೆ ಬಿಟ್ಟುಕೊಡಬೇಕಂತೆ. ಇದೊಳ್ಳೆ ಚೆನ್ನಾಗಿದೆ!"

"ಎರಡು ತಿಂಗಳು ಅಪ್ಪ. ಎರಡೇ ತಿಂಗಳು."

ಮಂಗಳವಾರ ಮೊದಲ ಸಲ ಫ್ಯೂಸು ಹಾರಿತು. ಮಕ್ಕಳ ಶಾಲೆಯ ಅಡುಗೆ ಕೆಲಸ ಮುಗಿಸಿ ಬಂದ ಬಿಲ್ಯಾನಾ ಕಾಫಿಗೆ ಅಂತ ಕೆಟಲ್ ಹಾಕಿದಳು, ಟಪ್ ಅಂತ ಸದ್ದಾಯಿತು. ಫ್ರಿಜ್ಜು ನಿಂತಿತು, ಫ್ಯಾನು ನಿಂತಿತು, ಪರದೆ ಕಪ್ಪಾಯಿತು.

"ಅಮ್ಮಾ! ಬೆಳಗ್ಗಿಂದ ಓಡ್ತಿತ್ತು ಅದು! ಐದು ನಿಮಿಷ ಇತ್ತು!"

"ನನ್ನ ಮನೇಲಿ ನಾನು ಕಾಫಿ ಕಾಯಿಸೋಕೂ ನಿನ್ನ ಅಪ್ಪಣೆ ಬೇಕಾ?"

"ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗುತ್ತಿತ್ತು?"

ಮಾವ ಹಳೆಯ ಚರ್ಮದ ಚೀಲ ಹಿಡಿದು ಬಂದು, ಹೊರಬಾಗಿಲ ಮೇಲಿದ್ದ ಡಬ್ಬಿಯಿಂದ ಪಿಂಗಾಣಿ ಫ್ಯೂಸನ್ನು ತಿರುಗಿಸಿ ತೆಗೆದು ಹೊಸದು ಹಾಕಿದರು. ಗುರುವಾರ ಅದೂ ಹಾರಿತು. ಶನಿವಾರ ಮತ್ತೊಂದು. ಅಡುಗೆಮನೆಯ ಸಾಕೆಟ್ಟುಗಳೆಲ್ಲ ಒಂದೇ ಸಾಲಿನವು. ಕೆಟಲ್ಲು, ಫ್ರಿಜ್ಜು ಇಷ್ಟು ವರ್ಷ ಹೇಗೋ ಹೊಂದಿಕೊಂಡಿದ್ದವು, ಈಗ ಕಾರ್ಡು ಸೇರಿ ಮಿತಿ ಮೀರಿತ್ತು. ಕಾಫಿಗೆ ಮೊದಲು ಕೇಳುವುದು, ಇಸ್ತ್ರಿಗೆ ಮೊದಲು ಕೇಳುವುದು, ಕೇಳಿದರೆ "ಇನ್ನು ಮುಕ್ಕಾಲು ಗಂಟೆ" ಅನ್ನುವ ಉತ್ತರ. ಝಾರ್ಕೊ ಬೆಳಗ್ಗೆ ಕಾಫಿ ಇಲ್ಲದೆ ಬಸ್ಸು ಓಡಿಸಲು ಹೋದ, ಸಂಜೆ ಬಂದು ಎಲ್ಲರ ಮೇಲೂ ಹರಿಹಾಯ್ದ.

"ತಲೆ ಕೆಡಿಸ್ಕೋಬೇಡಿ," ಅಂದರು ವಿತೊಮಿರ್. "ನನಗೆ ಬಿಡಿ."

ಅಂದಿನಿಂದ ಫ್ಯೂಸು ಹಾರಲಿಲ್ಲ.

ಮನೆ ತಣ್ಣಗಾಯಿತು. ಕೆಟಲ್ಲೂ ಕಾರ್ಡೂ ಒಟ್ಟಿಗೆ ಓಡಿದವು. ದುನ್ಯಾ ತಾತನ ಕೆನ್ನೆಗೆ ಎರಡು ಮುತ್ತು ಕೊಟ್ಟಳು. ಝಾರ್ಕೊ ಅಪ್ಪನಿಗೆ ಒಂದು ಲೋಟ ರಾಕಿಯಾ ಸಾರಾಯಿ ಬಗ್ಗಿಸಿಕೊಟ್ಟು "ಕಾರ್ಖಾನೆಯವರು ಇವರನ್ನ ನಿವೃತ್ತಿ ಮಾಡಿದ್ದೇ ತಪ್ಪು" ಅಂದ. ಅತ್ತೆ ತೀರಿಕೊಂಡ ಮೇಲೆ ಕೋಣೆ ಬಿಟ್ಟು ಬರದ ಮಾವ ಈಗ ಅಡುಗೆಮನೆಯಲ್ಲೇ ಕೂತು ಮೊಮ್ಮಗಳ ಚಿತ್ರ ನೋಡುತ್ತ "ಆ ಒಲೆ ಕಿಟಕಿ ಕೆಳಗೆ ಬೇಡ ಕಣೇ, ಗಾಳಿ ಬರುತ್ತೆ" ಎಂದು ತಕರಾರು ತೆಗೆಯುತ್ತಿದ್ದರು. ಬಿಲ್ಯಾನಾಳಿಗೂ ಹಿತವಾಗಿಯೇ ಇತ್ತು, ಸುಳ್ಳೇಕೆ?

ಅಕ್ಟೋಬರ್ ನಡುವಿಗೆ ಕೊಶಾವ ಗಾಳಿ ಶುರುವಾಯಿತು. ಆ ಕಟ್ಟಡಕ್ಕೆ ಮನೆ ಬೆಚ್ಚಗಿಡುವ ಊರಿನ ಬಿಸಿನೀರಿನ ಕೊಳವೆ ಇಲ್ಲ, ಎಲ್ಲರದೂ ಕರೆಂಟಿನ ಹೀಟರೇ. ದಿನವಿಡೀ ಕೂತಿರುವ ಹುಡುಗಿಯ ಪಾದ ಮಂಜಾಗಿದ್ದು ಕಂಡು ಬಿಲ್ಯಾನಾಳೇ ಹೀಟರ್ ತಂದು ಮೇಜಿನ ಕೆಳಗೆ ಇಟ್ಟಳು. ಪ್ಲಗ್ಗನ್ನು ಬೀರುವಿನ ಹಿಂದೆ, ಕಾರ್ಡಿಗೂ ಕರೆಂಟು ಕೊಡುತ್ತಿದ್ದ ಸಾಕೆಟ್ಟಿಗೆ ತನ್ನ ಕೈಯಾರೆ ಹಾಕಿದಳು.

ಆ ವಾರವೇ ಮೀನಿನ ವಾಸನೆ ಶುರುವಾಯಿತು.

"ಯಾರು ಮೀನು ತಂದಿದ್ದು?" ಊಟಕ್ಕೆ ಕೂತವಳು ಮೂಗರಳಿಸಿ ಕೇಳಿದಳು.

"ಯಾವ ಮೀನು?"

"ಹಳಸಿದ ಮೀನು ವಾಸನೆ ಬರ್ತಿಲ್ವಾ ನಿಮಗೆ?"

"ಶಾಲೆಯಿಂದ ನೀನೇ ಹೊತ್ಕೊಂಡು ಬಂದಿರ್ತೀಯ," ಅಂದ ಝಾರ್ಕೊ. "ಶುಕ್ರವಾರ ಮೀನು ಹುರಿದವಳು ನೀನು."

"ಇವತ್ತು ಬುಧವಾರ!"

ಫ್ರಿಜ್ಜು ಖಾಲಿ ಮಾಡಿ ತೊಳೆದಳು. ಸಿಂಕಿನ ಕೊಳವೆಗೆ ಸೋಡಾ ಹಾಕಿದಳು. ಬೀರುವಿನ ಪಾತ್ರೆ ಒಂದೊಂದನ್ನೇ ಇಳಿಸಿ ಮೂಸಿದಳು. ಎಲ್ಲೂ ಏನೂ ಇಲ್ಲ. ಮಧ್ಯಾಹ್ನ ವಾಸನೆ ಹೆಚ್ಚು, ಬೆಳಗ್ಗೆ ಇರುತ್ತಿರಲಿಲ್ಲ. ಒಂದು ದಿನ ಬೀರುವಿನ ಹಿಂದೆ ಪೊರಕೆ ತೂರಿಸಿದಾಗ ಕೈ ಗೋಡೆಗೆ ತಾಗಿತು. ಜ್ವರ ಬಂದ ಮಗುವಿನ ಹಣೆಯಂತೆ ಬೆಚ್ಚಗಿತ್ತು.

"ದುನ್ಯಾ, ನಿನ್ನ ಪೆಟ್ಟಿಗೆ ಗೋಡೆ ಕಾಯಿಸ್ತಾ ಇದೆ."

"ಕಾರ್ಡು ಎಪ್ಪತ್ತು ಡಿಗ್ರಿ ಅಮ್ಮ, ಇಲ್ಲೇ ತೋರಿಸ್ತಿದೆ ನೋಡು. ಅದು ಮಾಮೂಲಿ."

"ಗೋಡೆ ಎಷ್ಟು ಡಿಗ್ರಿ ಅಂತ ತೋರಿಸುತ್ತಾ?"

"ಹನ್ನೊಂದು ಚಿತ್ರ ಬಾಕಿ ಇದೆ. ದಯವಿಟ್ಟು ಅಮ್ಮ. ಹತ್ತನೇ ತಾರೀಕು ಆದ್ಮೇಲೆ ಇದನ್ನ ಎತ್ತಿ ಬಿಸಾಕು ಅಂದ್ರೂ ಬಿಸಾಕ್ತೀನಿ."

ಮರುದಿನ ಶಾಲೆಯ ಒಲೆ ರಿಪೇರಿಗೆ ಎಲೆಕ್ಟ್ರಿಷಿಯನ್ ಬಂದಿದ್ದ. ಬಿಲ್ಯಾನಾ ಅವನಿಗೆ ಸೂಪು ಬಡಿಸುತ್ತ ಮಾತು ತೆಗೆದಳು.

"ಕಾದ ಸಾಕೆಟ್ಟು ಮೀನಿನ ವಾಸನೆ ಹೊಡೆಯುತ್ತೆ ಅಕ್ಕ," ಅಂದ ಅವನು. "ನಿಮ್ಮನೇಲಿ ಫ್ಯೂಸ್ ಹಾರ್ತಾ ಇದೆಯಾ?"

"ದೇವರ ದಯೆ, ಒಂದು ತಿಂಗಳಿಂದ ಒಂದ್ಸಲಾನೂ ಹಾರಿಲ್ಲ."

ಅವನು ಚಮಚ ಕೆಳಗಿಟ್ಟ. "ಹಾರ್ತಿದ್ರೆ ನನಗೆ ಭಯ ಇರ್ತಿರಲಿಲ್ಲ."

ಮನೆಗೆ ಬಂದವಳೇ ಮೆಟ್ಟಿಲ ಹತ್ತಿರದ ಮೆಯಿನ್ ಆರಿಸಿ, ಸ್ಟೂಲು ಹತ್ತಿ ಡಬ್ಬಿ ತೆಗೆದಳು. ಅಡುಗೆಮನೆಯ ಫ್ಯೂಸನ್ನು ತಿರುಗಿಸಿ ತೆಗೆದು ಬೆಳಕಿಗೆ ಹಿಡಿದಳು. ಅದು ಎಂದೋ ಸುಟ್ಟುಹೋದ ಫ್ಯೂಸು. ಅದರ ಮೈಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಬೆಂಕಿಕಡ್ಡಿಯಷ್ಟು ದಪ್ಪದ ತಾಮ್ರದ ತಂತಿ ಸುತ್ತಿ, ಎಷ್ಟು ಕರೆಂಟು ಬಂದರೂ ಕಡಿಯದ ಹಾಗೆ ಮಾಡಿತ್ತು. ಸುತ್ತಿದ ಕೈ ಅಚ್ಚುಕಟ್ಟಿನದು. ತುದಿಯನ್ನು ಮಡಿಚಿ ಒಳಗೆ ಸೇರಿಸಿದ್ದರು.

ಆ ದಿನ ಹುರುಳಿಕಾಯಿ ಬೀಜದ ಸಾರು. ಬಡಿಸುವ ಮೊದಲು ಅದನ್ನು ಮಾವನ ತಟ್ಟೆಯ ಪಕ್ಕ ಇಟ್ಟಳು.

"ಮಾವ, ಇದು ನಿಮ್ಮ ಕೆಲಸಾನಾ?"

"ಹೌದು. ಯಾಕೆ?"

"ಗೋಡೆ ಕಾಯ್ತಾ ಇದೆ ಮಾವ. ಫ್ಯೂಸ್ ಇರೋದೇ ಹಾರೋದಕ್ಕೆ ಅಲ್ವಾ?"

"ನನಗೆ ಫ್ಯೂಸ್ ಅಂದ್ರೇನು ಅಂತ ಹೇಳಿಕೊಡ್ತೀಯಾ?" ಮುದುಕರ ಕಿವಿ ಕೆಂಪಾಯಿತು. "ಫ್ಯೂಸೇ ಸಿಗದಿದ್ದ ಕಾಲದಲ್ಲಿ ನಾನು ಇಡೀ ಕಾರ್ಖಾನೇನ ತಂತಿ ಮೇಲೆ ಓಡಿಸಿದವನು. ನೀನು ಆಲೂಗಡ್ಡೆ ಸುಲಿ ಹೋಗು."

"ಅಪ್ಪನ್ನ ಬಿಡು ಬಿಲ್ಯಾನಾ," ಅಂದ ಝಾರ್ಕೊ. "ಈ ಕಟ್ಟಡದಲ್ಲಿ ಕರೆಂಟ್ ಹೋದ್ರೆ ಯಾರನ್ನ ಕರೀತಾರೆ?"

"ಯಾರನ್ನ ಕರೀತಾರೆ ಅಂತ ನಾನು ಕೇಳಲಿಲ್ಲ. ಗೋಡೆ ಯಾಕೆ ಕಾಯ್ತಿದೆ ಅಂತ ಕೇಳ್ದೆ."

ಮಾವ ಆ ಫ್ಯೂಸನ್ನೇ ಮತ್ತೆ ಡಬ್ಬಿಗೆ ತಿರುಗಿಸಿ ಹಾಕಿ, ತಟ್ಟೆ ಎತ್ತಿಕೊಂಡು ಕೋಣೆಗೆ ಹೋದರು. ಎರಡು ದಿನ ಅಲ್ಲೇ ಊಟ. ಮೂರನೆಯ ದಿನ ಬಿಲ್ಯಾನಾ ಹೊಸ ಫ್ಯೂಸು ತಂದು, ಬಾಗಿಲು ತಟ್ಟಿ ಅವರ ಕೈಗೇ ಕೊಟ್ಟಳು.

"ನೀವೇ ಹಾಕಿ ಮಾವ. ನಾನು ಮುಟ್ಟಲ್ಲ."

ಮುದುಕರು ಅದನ್ನು ತಿರುಗಿಸಿ ನೋಡಿದರು. "ಹಾಕ್ತೀನಿ. ಸ್ಲಾವ ಹಬ್ಬ ಕಳೀಲಿ. ಇದನ್ನ ಹಾಕಿದ್ರೆ ಅವತ್ತು ಹತ್ತು ಸಲ ಹಾರುತ್ತೆ, ನೆಂಟರ ಮುಂದೆ ಮಾನ ಹೋಗುತ್ತೆ."

ನವೆಂಬರ್ ಎಂಟು ಸಂತ ದಿಮಿತ್ರಿಯ ದಿನ. ಅವರ ಮನೆತನದ ಸಂತ ಅವನೇ, ಅದೇ ಅವರ ಸ್ಲಾವ. ಹದಿನಾರು ಜನ ಊಟಕ್ಕೆ ಬರುವವರಿದ್ದರು. ದುನ್ಯಾಗೆ ಐದು ಚಿತ್ರ ಬಾಕಿ ಇತ್ತು. ಬಿಲ್ಯಾನಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು, ಇನ್ನು ಆರು ದಿನ. ಆರು ದಿನದಲ್ಲಿ ಏನಾಗಿಬಿಡುತ್ತೆ?

"ಆಗಲಿ," ಅಂದಳು. ಆ ಒಂದು ಮಾತು ಆಮೇಲೆ ಅವಳನ್ನು ಬಹಳ ಕಾಡಿತು.

ಸ್ಲಾವದ ದಿನ ಬೆಳಗ್ಗೆ ಪಾದ್ರಿ ಬಂದು ಹಬ್ಬದ ರೊಟ್ಟಿಯನ್ನು ಹರಸಿ ಕೊಯ್ದು ಹೋದರು. ನಡುಮನೆಯ ಮೇಜಿನ ಮೇಲೆ ದೊಡ್ಡ ಮೇಣದಬತ್ತಿ ಉರಿಯುತ್ತಿತ್ತು. ಹನ್ನೆರಡಕ್ಕೆ ನೆಂಟರು ತುಂಬಿದರು. ಬೇಯಿಸಿದ ಗೋಧಿಯ ಸಿಹಿ, ಕೋಸಿನೆಲೆಯಲ್ಲಿ ಸುತ್ತಿದ ಸರ್ಮಾ, ಹಂದಿ ರೋಸ್ಟು. ಅಡುಗೆಮನೆಯಲ್ಲಿ ಕೆಟಲ್ಲು, ಹೀಟರು, ಸರ್ಮಾ ಬಿಸಿ ಮಾಡಲು ಪಕ್ಕದ ಮನೆಯಿಂದ ಕಡ ತಂದ ಕರೆಂಟಿನ ಒಲೆ ಎಲ್ಲವೂ ಒಟ್ಟಿಗೆ ಉರಿಯುತ್ತಿದ್ದವು. ಮೂಲೆಯಲ್ಲಿ ಮುಚ್ಚಳವಿಲ್ಲದ ಆ ಪೆಟ್ಟಿಗೆ ಮೂವತ್ತೊಂಬತ್ತನೆಯ ಅಡುಗೆಮನೆಯನ್ನು ಮಾಡುತ್ತಿತ್ತು.

"ಏನೋ ಸುಟ್ಟ ವಾಸನೆ," ಅಂದಳು ಝಾರ್ಕೊನ ಚಿಕ್ಕಮ್ಮ.

"ಮೇಣದಬತ್ತಿ ಚಿಕ್ಕಮ್ಮ, ಬತ್ತಿ ಉದ್ದ ಆಗಿದೆ," ಅಂದ ಝಾರ್ಕೊ. ಎಲ್ಲರೂ ಬತ್ತಿಯನ್ನೇ ನೋಡಿದರು.

ಬಿಲ್ಯಾನಾ ಬತ್ತಿ ನೋಡಲಿಲ್ಲ. ಕೈಯಲ್ಲಿದ್ದ ತಟ್ಟೆ ಅಲ್ಲೇ ಬಿಟ್ಟು ಓಡಿದಳು. ಬೀರುವಿನ ಹಿಂದಿನಿಂದ ಕಪ್ಪು ಹೊಗೆ ಸೂರಿನವರೆಗೂ ಎದ್ದಿತ್ತು. ಅವಳು ನೋಡುತ್ತಿದ್ದಂತೆ ಬೀರುವಿನ ಹಿಂದಿನ ಹಲಗೆಗೆ ಉರಿ ಹತ್ತಿ ಕಿಟಕಿಯ ಪರದೆಗೆ ಹಾರಿತು.

"ಎಲ್ಲರೂ ಹೊರಗೆ! ಹೊರಗೆ ಹೋಗಿ!"

ದುನ್ಯಾ ತನ್ನ ಕಂಪ್ಯೂಟರಿನ ಕಡೆ ನುಗ್ಗಿದಳು. ಬಿಲ್ಯಾನಾ ಅವಳ ಜುಟ್ಟು ಹಿಡಿದು ಹಿಂದಕ್ಕೆಳೆದಳು. ಮಾವ ಬಾಗಿಲ ಹತ್ತಿರ ಸ್ಟೂಲು ಹತ್ತಿ, ಕಾದ ಫ್ಯೂಸನ್ನು ಬರಿಗೈಯಲ್ಲೇ ಹಿಡಿದು ತಿರುಗಿಸುತ್ತಿದ್ದರು. ಚರ್ಮ ಸುಟ್ಟರೂ ಬಿಡಲಿಲ್ಲ, ಕಿತ್ತೇ ಕಿತ್ತರು. ಅದು ನೆಲಕ್ಕೆ ಬಿದ್ದು ಉರುಳಿತು. ಝಾರ್ಕೊ ಮೆಟ್ಟಿಲಿಗೆ ಓಡಿ ಮೆಯಿನ್ ಆರಿಸಿ ಇಡೀ ಮನೆಯ ಕರೆಂಟು ಕಡಿದ.

ಅಗ್ನಿಶಾಮಕದವರು ಬಂದು ಹೋಗುವಷ್ಟರಲ್ಲಿ ಅಡುಗೆಮನೆ ಅಂತ ಏನೂ ಉಳಿದಿರಲಿಲ್ಲ. ಜೀವಹಾನಿ ಆಗಲಿಲ್ಲ, ಅದೊಂದೇ ಪುಣ್ಯ. ಕಾರ್ಡು ಕರಗಿ ಸ್ಟ್ಯಾಂಡಿಗೆ ಅಂಟಿಕೊಂಡಿತ್ತು. ನೆಂಟರು, ಅಕ್ಕಪಕ್ಕದವರು ಮೆಟ್ಟಿಲ ತುಂಬ ನಿಂತಿದ್ದರು. ಮಾವನ ಕೈಗೆ ಯಾರೋ ಬಟ್ಟೆ ಸುತ್ತಿದ್ದರು. ಅಧಿಕಾರಿ ನೋಟ್‌ಬುಕ್ಕು ತೆಗೆದ.

"ಆ ಸಾಕೆಟ್ಟಿನಲ್ಲಿ ಏನು ಹಾಕಿದ್ರಿ?"

ಮಾವ ಬಿಲ್ಯಾನಾಳ ಮುಖ ನೋಡಿದರು. ಮೂವತ್ತು ವರ್ಷದಲ್ಲಿ ಅವರು ಅವಳನ್ನು ಹಾಗೆ ನೋಡಿದ್ದೇ ಇಲ್ಲ. ಕೆಳಗೆ ಬಿದ್ದಿದ್ದ ಫ್ಯೂಸನ್ನು ಅವಳು ಆಗಲೇ ಎತ್ತಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಿದ್ದಳು. ಇಷ್ಟು ಜನರ ಮುಂದೆ, ಅವರ ಸ್ಲಾವದ ದಿನ, ಅವರ ಮಾನ ತೆಗೆಯಲು ಅವಳಿಗೆ ಬಾಯಿ ಬರಲಿಲ್ಲ.

"ಹುಡುಗಿಯ ಪೆಟ್ಟಿಗೆ," ಅಂದಳು. "ಆ ಕಂಪ್ಯೂಟರಿನ ಪೆಟ್ಟಿಗೆಯಿಂದ ಹತ್ಕೊಂಡ್ತು."

"ಮುಚ್ಚಳಾನೂ ಇರಲಿಲ್ಲ ಅದಕ್ಕೆ," ಎಂದು ಮೆಟ್ಟಿಲ ಮೇಲಿಂದ ಯಾರೋ ಸೇರಿಸಿದರು. ಅಧಿಕಾರಿ ಬರೆದುಕೊಂಡ.

"ಅಮ್ಮ?" ಅಂದಳು ದುನ್ಯಾ. ಅಷ್ಟೇ. ಸಂಜೆ ಎರಡು ಬಟ್ಟೆ ಚೀಲಕ್ಕೆ ತುಂಬಿಕೊಂಡು ಗೆಳತಿಯ ಮನೆಗೆ ಹೋದಳು. ನೊವಿ ಸಾದ್‌ನವನು ಆಗಲೇ ಕೈಸೇರಿದ್ದ ಮೂವತ್ತೆಂಟು ಚಿತ್ರಕ್ಕೆ ಧನ್ಯವಾದ ಹೇಳಿ ಬೇರೆಯವರನ್ನು ತೆಗೆದುಕೊಂಡ.

ಒಂದು ವಾರ ಕಳೆಯಿತು. ನಡುಮನೆಯಲ್ಲೇ ಸಣ್ಣ ಗ್ಯಾಸಿನ ಮೇಲೆ ಅಡುಗೆ. ಬಲಗೈಗೆ ಬ್ಯಾಂಡೇಜಿದ್ದ ಮಾವನಿಗೆ ಬಿಲ್ಯಾನಾ ಚಮಚದಲ್ಲಿ ಸೂಪು ಕುಡಿಸುತ್ತಿದ್ದಳು. ಹೊರಗೆ ಕೊಶಾವ ಕಿಟಕಿ ಅಲ್ಲಾಡಿಸುತ್ತಿತ್ತು. ಚಳಿ ಸೊನ್ನೆಗಿಂತ ಕೆಳಗೆ ಇಳಿದಿತ್ತು.

"ಈ ಕೈ ಹೀಗಾಯ್ತು," ಅಂದರು ಮಾವ. "ಇನ್ನು ಆ ಜನಕ್ಕೆಲ್ಲ ಫ್ಯೂಸ್ ಯಾರು ಮಾಡಿಕೊಡ್ತಾರೋ."

ಚಮಚ ನಿಂತಿತು. "ಯಾವ ಜನ ಮಾವ?"

"ಇದೇ, ಕಟ್ಟಡದವರು."

"ನೀವು ಅವರಿಗೆ ಹೊಸದು ಹಾಕಿಕೊಟ್ಟಿದ್ದಾ, ಇಲ್ಲಾ ತಂತಿ ಸುತ್ತಿದ್ದಾ?"

ಮುದುಕರು ಬ್ಯಾಂಡೇಜಿನ ಕೈಯನ್ನು ಮಡಿಲಿಗೆ ಎಳೆದುಕೊಂಡರು.

"ಮಾವ, ಎಷ್ಟು ಮನೆಗೆ?"

ಅವರು ಎಡಗೈ ಬೆರಳು ಮಡಿಚುತ್ತ ಕೆಳಮನೆಯಿಂದ ಶುರು ಮಾಡಿದರು. ಐದು ಬೆರಳು ಮುಗಿಯಿತು, ಮತ್ತೆ ಹೆಬ್ಬೆರಳಿಗೆ ಬಂದರು. "ಒಂಬತ್ತು," ಅಂದರು ಕೊನೆಗೆ. ಹದಿನಾರು ಮನೆಯ ಕಟ್ಟಡ ಅದು, ಎಲ್ಲ ಮನೆಯಲ್ಲೂ ಹೀಟರು.

"ಏಳಿ. ಕೋಟು ಹಾಕ್ಕೊಳ್ಳಿ."

"ನನಗೆ ಆಗಲ್ಲ ಮಗಳೇ. ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಆ ದಿನ ನಿಮ್ಮ ಮುಖ ಉಳಿಸೋಕೆ ನನ್ನ ಮಗಳ ಮುಖಕ್ಕೆ ಮಸಿ ಬಳಿದೆ. ಈಗ ಏಳಿ."

ಮೊದಲು ಮೂರನೆಯ ಮಹಡಿ, ರುಝಿತ್ಸಾ. ಒಬ್ಬಳೇ ಇರುವ ವಿಧವೆ, ಎರಡು ಹೀಟರು ಇಟ್ಟುಕೊಂಡವಳು. ಬಾಗಿಲು ತೆಗೆದಾಗ ಒಳಗಿಂದ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು.

"ಅಯ್ಯೋ ವಿತೊ ಮೇಸ್ತ್ರಿ! ಕೈ ಹೇಗಿದೆ?"

"ರುಝಿತ್ಸಾ," ಅಂದರು ಮಾವ. "ನಿನ್ನ ಫ್ಯೂಸಿಗೆ ನಾನು ಹಾಕಿದ್ದು ತಂತಿ. ಅದು ತಪ್ಪು. ನಮ್ಮನೆ ಸುಟ್ಟಿದ್ದು ಅದರಿಂದಾನೇ. ಅದನ್ನ ಕಿತ್ತು ಹಾಕ್ಬೇಕು, ಹೀಟರ್ ಆರಿಸು."

ರುಝಿತ್ಸಾ ಅವರನ್ನು ನೋಡಿದಳು, ಬಿಲ್ಯಾನಾಳನ್ನು ನೋಡಿದಳು. ಅವಳ ತುಟಿ ಬಿಗಿಯಾಯಿತು.

"ಬಿಲ್ಯಾನಾ, ನಿನಗೆ ನಾಚಿಕೆ ಆಗಲ್ವಾ? ಮಗಳ ತಪ್ಪು ಮುಚ್ಚೋದಕ್ಕೆ ಕೈ ಸುಟ್ಕೊಂಡ ಮುದುಕರ ಬಾಯಲ್ಲಿ ಇದನ್ನ ಹೇಳಿಸ್ತೀಯಾ?"

"ಪೆಟ್ಟಿಗೆಯ ತಪ್ಪಿರಲಿಲ್ಲ ರುಝಿತ್ಸಾ. ನಾನು ಸುಳ್ಳು ಹೇಳಿದೆ. ನೋಡು, ಇದೇ ಆ ಫ್ಯೂಸು." ಬಿಲ್ಯಾನಾ ಅದನ್ನು ತೆಗೆದು ಚಾಚಿದಳು.

"ಆ ದಿನ ಅಧಿಕಾರಿ ಮುಂದೆ ಪೆಟ್ಟಿಗೆ ಅಂದೆ, ನಾನೇ ಕಿವಿಯಾರೆ ಕೇಳಿದೀನಿ. ಇವತ್ತು ಫ್ಯೂಸು ಅಂತೀಯ. ನಾಳೆ ಇನ್ನೇನು ಅಂತೀಯೋ?"

"ಒಂದು ಸಲ ಗೋಡೆ ಮುಟ್ಟಿ ನೋಡು. ನಿನ್ನ ದಮ್ಮಯ್ಯ."

"ನನ್ನ ಮನೇಲಿ ಅಂಥ ಪೆಟ್ಟಿಗೆ ಇಲ್ಲಮ್ಮ, ನನಗೇನೂ ಭಯ ಇಲ್ಲ." ಅವಳು ಮಾವನ ತೋಳು ಸವರಿ ದನಿ ಮೆತ್ತಗೆ ಮಾಡಿದಳು. "ನಾಲ್ಕು ವರ್ಷ ಆಯ್ತು ಮೇಸ್ತ್ರಿ, ಒಂದೇ ಒಂದು ಸಲ ಹಾರಿಲ್ಲ. ನಿಮ್ಮ ಕೈ ತಣ್ಣಗಿರಲಿ."

ಬಾಗಿಲು ಮುಚ್ಚಿತು. ಒಳಗಿಂದ ಬೀಗ ಎರಡು ಸುತ್ತು ತಿರುಗಿತು.

ಮಾವ ಎದುರು ಮನೆಗೆ ಹೋಗಿ ಎಡಗೈಯಲ್ಲಿ ಗಂಟೆ ಒತ್ತಿದರು. ಒಳಗೆ ಹೀಟರಿನ ಫ್ಯಾನು ಓಡುವುದು ಇಬ್ಬರಿಗೂ ಕೇಳುತ್ತಿತ್ತು. ಯಾರೂ ಬರಲಿಲ್ಲ. ಅವರು ಮತ್ತೆ ಒತ್ತಿದರು.